ಮಿಥ್ಯಾಲೋಕ ಮತ್ತು ಮುಪ್ಪು

ಮಸೂರಗಳ ಪಾಠವನ್ನು ಓದಿರುವ ವಿದ್ಯಾರ್ಥಿಗಳಿಗೆ ‘ಮಿಥ್ಯಾಬಿಂಬ’ವೆಂಬ ಮಾತು ಹೊಸದಲ್ಲ. ಪೀನಮಸೂರದ ಸಂಗಮದೂರಕ್ಕಿಂತ ಹತ್ತಿರದಲ್ಲಿ ಒಂದು ವಸ್ತುವನ್ನಿಟ್ಟು ಈಚೆಯಿಂದ ನೋಡಿದರೆ, ವಸ್ತುವಿರುವ ಕಡೆಯಲ್ಲಿಯೇ, ಆದರೆ ಅದಕ್ಕಿಂತ ದೂರದಲ್ಲಿ, ಹಿರಿದಾದ ಬಿಂಬವೊಂದು ತೋರುತ್ತದೆ. ಅದನ್ನು ಪರದೆಯ ಮೇಲೆ ಹಿಡಿಯಲಾಗದು. ಆದರೂ ಕಣ್ಣಿನ ಪಾಲಿಗೆ ಅದು ಇದ್ದೇ ಇದೆ. ಇಂದು ‘ವರ್ಚುವಲ್ ರಿಯಾಲಿಟಿ’ ಎಂದು ಹೆಸರಾಗಿರುವ ಯಂತ್ರದ ತಿರುಳು ಈ ಹಳೆಯ ಪಾಠವೇ. ಇದನ್ನು ನಾವು ಮಿಥ್ಯಾವಾಸ್ತವವೆಂದು ಕರೆಯೋಣ. ತರುಣರ ಆಟಿಕೆಯೆಂದು ಹೆಚ್ಚಾಗಿ ಪ್ರಸಿದ್ಧವಾಗಿರುವ ಈ ಯಂತ್ರ ಅರುವತ್ತು ದಾಟಿದವರ ವ್ಯಾಯಾಮಕ್ಕೂ ಚಿತ್ರರಚನೆಗೂ ಒದಗುತ್ತಿದೆ. ಮುಪ್ಪಿನ ದೇಹಕ್ಕೆ ಅದು ಎಲ್ಲಿ ಹೊಂದುತ್ತದೆ, ಎಲ್ಲಿ ಮುನಿಯುತ್ತದೆ ಎಂಬುದನ್ನು ಭೌತಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಎರಡು ಕಣ್ಣುಗಳಿಗೆ ತುಸು ಬೇರೆಬೇರೆಯಾದ ಎರಡು ಚಿತ್ರಗಳನ್ನು ಒಡ್ಡಿದರೆ ಮನಸ್ಸು ಅವನ್ನು ಬೆಸೆದು ಆಳವನ್ನು ಕಾಣುತ್ತದೆಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿಯೇ ತೋರಿಸಿಕೊಟ್ಟನು. ತಲೆ ತಿರುಗಿದಂತೆ ಚಿತ್ರವನ್ನೂ ತಿರುಗಿಸಬಲ್ಲ ಯಂತ್ರವನ್ನು ಅಮೆರಿಕದ ಐವನ್ ಸದರ್ಲೆಂಡ್ 1968ರಲ್ಲಿ ಪ್ರಕಟಪಡಿಸಿದನು. ಅದು ಛಾವಣಿಯಿಂದ ಇಳಿಬಿದ್ದ ದಂಡವೊಂದಕ್ಕೆ ಕೂಡಿಕೊಂಡಿತ್ತು. ಅದಕ್ಕೆ ‘ಡೆಮೊಕ್ಲಿಸನ ಖಡ್ಗ’ವೆಂಬ ಅಡ್ಡಹೆಸರೂ ಬಂದಿತು. 2020ರಲ್ಲಿ ಮಾರುಕಟ್ಟೆಗೆ ಬಂದ ಕ್ವೆಸ್ಟ್ 2 ಎಂಬ ಹೆಡ್‌ಸೆಟ್ಟಿನ ತೂಕ ಸುಮಾರು 500 ಗ್ರಾಂ ಮಾತ್ರ.

ಈ ಹೆಡ್‌ಸೆಟ್ಟಿನೊಳಗೆ ಪರದೆಯು ಕಣ್ಣಿನಿಂದ ಕೆಲವೇ ಸೆಂಟಿಮೀಟರುಗಳ ದೂರದಲ್ಲಿರುತ್ತದೆ. ಅಷ್ಟು ಹತ್ತಿರದ ವಸ್ತುವನ್ನು ಹದಿನಾರರ ಬಾಲಕನೂ ಸ್ಪಷ್ಟವಾಗಿ ಕಾಣಲಾರನು. ಆದುದರಿಂದ ನಡುವೆ ಮಸೂರವಿರಬೇಕು. ಲೆಕ್ಕಕ್ಕಾಗಿ ಮಸೂರದ ಸಂಗಮದೂರ 4 ಸೆಂಟಿಮೀಟರ್, ಪರದೆಯಿರುವುದು 3.9 ಸೆಂಟಿಮೀಟರ್ ದೂರದಲ್ಲಿ ಎಂದಿಟ್ಟುಕೊಳ್ಳೋಣ. ಪಾಠದ ಸೂತ್ರವನ್ನು ಹಚ್ಚಿದರೆ ಮಿಥ್ಯಾಬಿಂಬವು ಸುಮಾರು ಒಂದೂವರೆ ಮೀಟರು ದೂರದಲ್ಲಿ ನಿಲ್ಲುವುದೆಂದು ಕಾಣುತ್ತದೆ. ಪರದೆಯ ಮೇಲೆ ಬೆಟ್ಟ ತೋರಲಿ, ಅಂಗೈಯ ಮೇಲಿನ ಹೂವೇ ತೋರಲಿ, ಬೆಳಕು ಬರುವುದು ಆ ಒಂದೂವರೆ ಮೀಟರಿನಿಂದ ಬಂದ ಹಾಗೆಯೇ.

ಮುಪ್ಪಿಗೆ ಇದರಿಂದ ಅನಿರೀಕ್ಷಿತವಾದ ಲಾಭವೊಂದಿದೆ. ನಲವತ್ತು ದಾಟಿದವರಿಗೆ ಚಾಳೀಸು ಬರುವುದನ್ನು ಎಲ್ಲರೂ ಬಲ್ಲರು. ಕಣ್ಣಿನ ಮಸೂರ ವರ್ಷ ವರ್ಷಕ್ಕೂ ಪೆಡಸಾಗಿ, ಹತ್ತಿರದ ವಸ್ತುವಿಗಾಗಿ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹತ್ತು ವರ್ಷದ ಮಗು ಹತ್ತು ಸೆಂಟಿಮೀಟರಿನೊಳಗಿನ ಅಕ್ಷರವನ್ನು ಓದಬಲ್ಲದು. ಅರುವತ್ತರ ಹೊತ್ತಿಗೆ ಆ ದೂರ ಸುಮಾರು ಒಂದು ಮೀಟರಿಗೆ ಸರಿಯುತ್ತದೆ. ಆದರೆ ಮಿಥ್ಯಾಲೋಕದಲ್ಲಿ ಎಲ್ಲವೂ ಒಂದೂವರೆ ಮೀಟರಿನಲ್ಲಿಯೇ ಇರುವುದರಿಂದ, ಅಜ್ಜಿಗೆ ಅಂಗೈಯ ಹೂವಿನ ಎಸಳು ಕೂಡ ಓದುವ ಕನ್ನಡಕವಿಲ್ಲದೆ ತಿಳಿಯಾಗಿ ಕಾಣುವುದು ಸಾಧ್ಯ. ದೂರದ ನೋಟಕ್ಕೆ ಕನ್ನಡಕ ಧರಿಸುವವರು ಅದನ್ನು ಮಾತ್ರ ಬಿಡಬಾರದು. ಇನ್ನೂ ಒಂದು ಸೋಜಿಗವುಂಟು. ಹೂವನ್ನು ಹತ್ತಿರ ತಂದಾಗ ತರುಣನ ಕಣ್ಣುಗಳು ಒಳಕ್ಕೆ ಹೊರಳುತ್ತವೆ, ಜೊತೆಗೇ ಮಸೂರವೂ ಉಬ್ಬಲು ಹೊರಡುತ್ತದೆ. ಬಿಂಬವೋ ಹಿಂದೆಯೇ ನಿಂತಿರುತ್ತದೆ. ಈ ಎಳೆದಾಟದಿಂದ ಅವನ ಕಣ್ಣು ದಣಿಯುತ್ತದೆ. ಮಸೂರ ಉಬ್ಬುವುದನ್ನೇ ಬಿಟ್ಟ ವೃದ್ಧರಿಗೆ ಈ ಕಲಹ ಬಹುಮಟ್ಟಿಗೆ ಇಲ್ಲ. ಮುಪ್ಪಿನ ಕೊರತೆಯೊಂದು ಸೌಕರ್ಯವಾಗಿ ಪರಿಣಮಿಸುವುದು ಅಪರೂಪ, ಇಲ್ಲಿ ಹಾಗಾಗಿದೆ.

ಕಣ್ಣಿನ ಕತೆ ಹೀಗಾದರೆ, ನಿಲುವಿನ ಕತೆ ಬೇರೆ. ನೆಟ್ಟಗೆ ನಿಲ್ಲಲು ನಮಗೆ ಮೂವರು ಸಾಕ್ಷಿಗಳು ಬೇಕು: ಕಣ್ಣು, ಒಳಗಿವಿ, ಕಾಲು. ಒಳಗಿವಿಯ ಮೂರು ಅರ್ಧವೃತ್ತಾಕಾರದ ನಾಳಗಳಲ್ಲಿನ ದ್ರವವು ತಲೆಯ ತಿರುಗುವಿಕೆಯನ್ನು ತಿಳಿಸುತ್ತದೆ. ಪಾದ ಕೀಲುಗಳ ನರಗಳು ನೆಲದ ಸುದ್ದಿಯನ್ನು ತರುತ್ತವೆ. ವಯಸ್ಸಾದಂತೆ ಒಳಗಿವಿಯ ಸಂವೇದಕ ಕೋಶಗಳೂ ಪಾದದ ಸ್ಪರ್ಶವೂ ಮಂದವಾಗಿ, ಕಣ್ಣಿನ ಸಾಕ್ಷಿಗೆ ತೂಕ ಹೆಚ್ಚುತ್ತದೆ. ಹೆಡ್‌ಸೆಟ್ಟಾದರೋ ಕಣ್ಣಿಗೇ ಸುಳ್ಳು ಹೇಳುವ ಯಂತ್ರ.

ಆ ಸುಳ್ಳಿನ ಬಲ ಎಷ್ಟೆಂಬುದನ್ನು ಡೇವಿಡ್ ಲೀ ಮತ್ತು ಎರಿಕ್ ಆರನ್‌ಸನ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಣಬಹುದು. ನೆಲ ಅಲುಗದಂತಿರಿಸಿ ಸುತ್ತಲಿನ ಗೋಡೆಗಳನ್ನು ಮಾತ್ರ ಮೆಲ್ಲನೆ ಸರಿಸಲು ಬರುವಂಥ ಕೋಣೆಯೊಂದರಲ್ಲಿ, ಆಗತಾನೆ ನಿಲ್ಲಲು ಕಲಿತ ಮಕ್ಕಳನ್ನು ನಿಲ್ಲಿಸಿದರು. ಗೋಡೆ ಸರಿದೊಡನೆ ಮಕ್ಕಳು ತೂಗಾಡಿದರು, ಕೆಲವರು ಬಿದ್ದೇ ಬಿಟ್ಟರು. ಅವರನ್ನು ಯಾರೂ ಮುಟ್ಟಿರಲಿಲ್ಲ. ವಯಸ್ಕರೂ ಇಂಥ ಕೋಣೆಯಲ್ಲಿ ತೂಗುತ್ತಾರೆಂದು ಮುಂದಿನ ಪ್ರಯೋಗಗಳಿಂದ ತಿಳಿದುಬಂದಿತು.

ಯಂತ್ರದ ವಿಳಂಬವೂ ಇದೇ ಬಗೆಯ ಸುಳ್ಳು. ತಲೆಯನ್ನು ಸೆಕೆಂಡಿಗೆ 100 ಡಿಗ್ರಿಗಳಂತೆ ತಿರುಗಿಸಿದೆವೆನ್ನೋಣ. ಇದೇನೂ ವಿಶೇಷ ವೇಗವಲ್ಲ. ಚಿತ್ರ ಬದಲಾಗಲು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗ ಹಿಡಿದರೆ ಲೋಕವೇ 5 ಡಿಗ್ರಿ ಹಿಂದೆ ಬೀಳುತ್ತದೆ. ಕೈ ಚಾಚಿ ಹಿಡಿದ ಮೂರು ಬೆರಳುಗಳ ಅಗಲವಷ್ಟು! ಈ ವಿಳಂಬವನ್ನು ಸೆಕೆಂಡಿನ ಐವತ್ತರಲ್ಲಿ ಒಂದು ಭಾಗಕ್ಕಿಂತ ಕೆಳಗಿಳಿಸುವುದು ತಯಾರಕರ ಗುರಿ. ಆದರೂ ಕುಳಿತಲ್ಲಿಯೇ ಓಡುವ ರಥದಲ್ಲಿ ಸಾಗಿದಂತೆ ತೋರಿಸುವ ಆಟಗಳಲ್ಲಿ ಕಣ್ಣು ‘ಸಾಗಿದೆ’ ಎನ್ನುವಾಗ ಕಿವಿ ‘ಇಲ್ಲ’ ಎನ್ನುತ್ತದೆ. ಓಕರಿಕೆ ಬರುವುದು ಆಗಲೇ. ಹಿರಿಯರಿಗೆ ಇಂಥ ಆಟಗಳು ಸಲ್ಲವೆಂಬುದು ನಮ್ಮ ಅಭಿಪ್ರಾಯ.

ಈಗ ವ್ಯಾಯಾಮದ ವಿಷಯ. ಪ್ರಾಗ್ ನಗರದಲ್ಲಿ ರಚಿತವಾಗಿ 2018ರಲ್ಲಿ ಹೊರಬಂದ ‘ಬೀಟ್ ಸೇಬರ್’ ಎಂಬ ಆಟದಲ್ಲಿ ಸಂಗೀತದ ತಾಳಕ್ಕೆ ಸರಿಯಾಗಿ ಹಾರಿಬರುವ ಘನಗಳನ್ನು ಬೆಳಕಿನ ಕತ್ತಿಗಳಿಂದ ಕತ್ತರಿಸಬೇಕು. ನಡುನಡುವೆ ಅಡ್ಡಬರುವ ಗೋಡೆಗಳಿಂದ ಬಗ್ಗಿ ತಪ್ಪಿಸಿಕೊಳ್ಳಬೇಕು. ಕೈ ಬೀಸಿ ಬೆವರಿದವರು ಬಹಳ ದುಡಿದೆವೆಂದು ಭಾವಿಸುತ್ತಾರೆ. ಲೆಕ್ಕ ಏನೆನ್ನುತ್ತದೆ? 60 ಕಿಲೊಗ್ರಾಂ ತೂಗುವವರ ಒಂದು ತೋಳು ಸುಮಾರು 3 ಕಿಲೊಗ್ರಾಂ. ಅದರ ಗುರುತ್ವಕೇಂದ್ರವನ್ನು 30 ಸೆಂಟಿಮೀಟರ್ ಎತ್ತಲು ಬೇಕಾದ ಕಾರ್ಯ ಸುಮಾರು 9 ಜೂಲ್. ಸಾವಿರ ಸಲ ಎತ್ತಿದರೆ 9,000 ಜೂಲ್, ಎಂದರೆ ಎರಡು ಕಿಲೊಕ್ಯಾಲೊರಿಗಿಂತ ತುಸು ಹೆಚ್ಚು. ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ನಾಲ್ಕರಲ್ಲಿ ಅಥವಾ ಐದರಲ್ಲಿ ಒಂದು ಪಾಲು ಮಾತ್ರ ಕಾರ್ಯವಾಗುವುದರಿಂದ ಖರ್ಚು ಹತ್ತು ಕಿಲೊಕ್ಯಾಲೊರಿ. ಬೀಸುವ ವೇಗಕ್ಕಾಗಿ ಇನ್ನಷ್ಟು ಸೇರಿಸಿದರೂ, ಅದು ಒಂದು ದೊಡ್ಡ ಬಾಳೆಹಣ್ಣಿಗೆ ಸಾಟಿಯಾಗುವುದು ಕಷ್ಟ.

ಗೋಡೆ ಬಂದಾಗ ಬಗ್ಗಿ ಏಳುವುದನ್ನು ಎಣಿಸೋಣ. ಆಗ ಮೇಲೇಳುವುದು ತೋಳಲ್ಲ, ತಲೆಯಿಂದ ತೊಡೆಯವರೆಗಿನ ಸುಮಾರು 45 ಕಿಲೊಗ್ರಾಂ ದೇಹ. ಅದನ್ನು 30 ಸೆಂಟಿಮೀಟರ್ ಎತ್ತಲು 132 ಜೂಲ್ ಬೇಕು. ಒಂದು ಸಲ ಬಗ್ಗಿ ಎದ್ದುದು ಹದಿನೈದು ಸಲ ಕೈಯೆತ್ತಿದುದಕ್ಕೆ ಸಮ. ಇದಕ್ಕಿಂತ ಮುಖ್ಯವಾದುದೆಂದರೆ, ಎಡವಿದಾಗ ದೇಹವನ್ನು ತಡೆದು ನಿಲ್ಲಿಸುವುದು ಇದೇ ತೊಡೆಯ ಸ್ನಾಯು. ಬೀಳುವಿಕೆಯಿಂದ ಪ್ರಪಂಚದಲ್ಲಿ ವರ್ಷಕ್ಕೆ 6,84,000 ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜು ಮಾಡಿದೆ. ಸಾವಿನ ಪ್ರಮಾಣ ಹೆಚ್ಚಾಗಿರುವುದು ಅರುವತ್ತು ದಾಟಿದವರಲ್ಲಿ.

ಮಿಥ್ಯಾವಾಸ್ತವವು ಈ ಅಪಾಯವನ್ನು ತಗ್ಗಿಸಬಲ್ಲದೆಂಬುದಕ್ಕೆ ಒಳ್ಳೆಯ ಸಾಕ್ಷ್ಯವೊಂದಿದೆ. ಬೆಲ್ಜಿಯಂ, ಇಸ್ರೇಲ್, ಇಟಲಿ, ನೆದರ್‌ಲೆಂಡ್ಸ್, ಬ್ರಿಟನ್‌ಗಳಲ್ಲಿ ನಡೆದು 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪದೇ ಪದೇ ಬೀಳುತ್ತಿದ್ದ 60ರಿಂದ 90 ವರ್ಷದ 302 ಮಂದಿ ಪಾಲ್ಗೊಂಡರು. ಒಂದು ಗುಂಪಿನವರು ಟ್ರೆಡ್‌ಮಿಲ್ಲಿನ ಮೇಲೆ ಬರಿದೆ ನಡೆದರು. ಇನ್ನೊಂದು ಗುಂಪಿನವರು ನಡೆಯುತ್ತ, ಎದುರಿನ ಪರದೆಯಲ್ಲಿ ಬರುವ ಅಡೆತಡೆಗಳನ್ನು ತಮ್ಮದೇ ಪಾದಗಳ ಚಿತ್ರವನ್ನು ನೋಡಿಕೊಂಡು ದಾಟಿದರು. ಆರು ವಾರ, ವಾರಕ್ಕೆ ಮೂರು ಸಲ. ಎರಡನೆಯ ಗುಂಪಿನಲ್ಲಿ ಆರು ತಿಂಗಳಿಗೆ ಸರಾಸರಿ 11.9 ಇದ್ದ ಬೀಳುವಿಕೆ 6.0ಕ್ಕಿಳಿಯಿತು, ಬರಿದೆ ನಡೆದವರಲ್ಲಿ 10.7ರಿಂದ 8.3ಕ್ಕೆ ಮಾತ್ರ. ಇಲ್ಲೊಂದು ಮಾತನ್ನು ಮರೆಯುವಂತಿಲ್ಲ. ಅವರು ಬಳಸಿದ್ದು ಎದುರಿಗಿಟ್ಟ ಪರದೆಯನ್ನು, ಕಣ್ಣು ಮುಚ್ಚುವ ಹೆಡ್‌ಸೆಟ್ಟನ್ನಲ್ಲ. ಈ ಫಲವನ್ನು ಹೆಡ್‌ಸೆಟ್ಟಿನ ಜಾಹೀರಾತಿಗೆ ಎರವಲು ಕೊಡುವುದು ನ್ಯಾಯವಲ್ಲ.

ಹಾಗಾದರೆ ಹೆಡ್‌ಸೆಟ್ಟು ಧರಿಸುವ ಹಿರಿಯರು ಏನು ಮಾಡಬೇಕು? ಮೊದಲ ದಿನಗಳಲ್ಲಿ ಕೈಗಳುಳ್ಳ, ಚಕ್ರವಿಲ್ಲದ, ಗಟ್ಟಿಮುಟ್ಟಾದ ಕುರ್ಚಿಯಲ್ಲಿ ಕುಳಿತೇ ಆಡಬೇಕು, ಬಳಿಯಲ್ಲಿ ಮನೆಯವರೊಬ್ಬರಿರಬೇಕು. ನಿಂತು ಆಡುವಾಗ ಕುರ್ಚಿಯ ಬೆನ್ನನ್ನು ಒಂದು ಬೆರಳಿನಿಂದ ಮುಟ್ಟಿಕೊಂಡಿದ್ದರೂ ಪ್ರಯೋಜನವುಂಟು. ಒಂದು ನ್ಯೂಟನ್ನಿಗಿಂತ ಕಡಿಮೆ ಬಲದ ಬೆರಳ ಸ್ಪರ್ಶವೂ ದೇಹದ ತೂಗಾಟವನ್ನು ಎದ್ದು ಕಾಣುವಷ್ಟು ತಗ್ಗಿಸುತ್ತದೆಂದು ಜೆಕಾ ಮತ್ತು ಲ್ಯಾಕ್ನರ್ 1994ರಲ್ಲಿ ತೋರಿಸಿದ್ದಾರೆ. ಅಷ್ಟು ಅಲ್ಪ ಬಲ ಯಾರನ್ನೂ ಹೊರಲಾರದು. ಬೆರಳು ಇಲ್ಲಿ ಊರುಗೋಲಲ್ಲ, ಸುಳ್ಳಾಡದ ನಾಲ್ಕನೆಯ ಸಾಕ್ಷಿ.

ಕುರ್ಚಿಯಲ್ಲಿ ಕುಳಿತವರಿಗೆ ಚಿತ್ರಕಲೆಯ ಬಾಗಿಲು ತೆರೆದಿದೆ. ಫ್ರಾನ್ಸಿನ ಹೆಸರಾಂತ ಚಿತ್ರಕಾರ ಮಾತಿಸ್ 1941ರ ಶಸ್ತ್ರಚಿಕಿತ್ಸೆಯ ಬಳಿಕ ಹೆಚ್ಚು ಹೊತ್ತು ನಿಲ್ಲಲಾರದೆ, ಉದ್ದನೆಯ ಬಿದಿರುಕೋಲಿಗೆ ಇದ್ದಿಲು ಕಟ್ಟಿ ಗೋಡೆಯ ಮೇಲೆ ಚಿತ್ರ ಬರೆದನು. ಬಣ್ಣದ ಕಾಗದವನ್ನು ಕತ್ತರಿಸಿ ‘ಬಸವನಹುಳು’ ಎಂಬ ಬೃಹತ್ಕೃತಿಯನ್ನು ರಚಿಸಿದಾಗ ಅವನಿಗೆ 83 ವರ್ಷ. ಗೂಗಲ್ ಸಂಸ್ಥೆ 2016ರಲ್ಲಿ ಹೊರತಂದ ‘ಟಿಲ್ಟ್ ಬ್ರಷ್’ ಅಂಥದೇ ಒಂದು ಬಿದಿರುಕೋಲು. ಕೈ ಚಲಿಸಿದೆಡೆಯಲ್ಲಿ ಬಣ್ಣದ ಗೆರೆ ಗಾಳಿಯಲ್ಲಿ ನಿಲ್ಲುತ್ತದೆ. ಅದರ ಮುಂದೆ, ಹಿಂದೆ, ಒಳಗೆ ಮತ್ತೊಂದನ್ನು ಎಳೆಯಬಹುದು. 2021ರಲ್ಲಿ ಸಂಸ್ಥೆಯು ಅದರ ಕೆಲಸವನ್ನು ನಿಲ್ಲಿಸಿ ಮೂಲಬರೆಹವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಆಸಕ್ತರು ಅದನ್ನು ‘ಓಪನ್ ಬ್ರಷ್’ ಎಂದು ಮುಂದುವರಿಸಿದ್ದಾರೆ.

ಗಾಳಿಯಲ್ಲಿ ಕೈಗೆ ಆನಿಕೆಯಿಲ್ಲ. ನಡುಗುವ ಕೈಯ ಗೆರೆ ಇನ್ನಷ್ಟು ನಡುಗುತ್ತದೆ. ಇದಕ್ಕೊಂದು ಉಪಾಯವಿದೆ. ಚಿತ್ರವನ್ನು ಐದು ಪಟ್ಟು ದೊಡ್ಡದಾಗಿ ಬರೆದು, ಆಮೇಲೆ ಎರಡು ಕೈಗಳಿಂದ ಅದನ್ನು ಹಿಡಿದು ಕುಗ್ಗಿಸಬಹುದು. ನಡುಕ 5 ಮಿಲಿಮೀಟರಿದ್ದರೆ ಕುಗ್ಗಿದ ಚಿತ್ರದಲ್ಲಿ ಅದು 1 ಮಿಲಿಮೀಟರ್ ಮಾತ್ರ. ಬೆರಳಿನಿಂದ ಎಳೆಯಬೇಕಾಗಿದ್ದ 10 ಸೆಂಟಿಮೀಟರಿನ ಗೆರೆಯನ್ನು ಈಗ ಅರ್ಧ ಮೀಟರು ಎಳೆಯಬೇಕು. ಅದಕ್ಕೆ ಮಣಿಕಟ್ಟು ಸಾಲದು, ಭುಜವೇ ತಿರುಗಬೇಕು.