ಟ್ರ್ಯಾಕ್ಟರಿನ ರೇಡಿಯೇಟರನ್ನು ಮನೆಯಂಗಳದಲ್ಲಿಯೇ ಬದಲಾಯಿಸುವ ಕ್ರಮ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ರೈತನಿಗೆ ಒಂದೊಂದು ದಿನವೂ ಬೆಲೆಯುಳ್ಳದ್ದು. ಗದ್ದೆಗೆ ನೀರು ಕಟ್ಟಿ, ಕೆಸರು ಮಾಡಿ, ಹದವರಿತು ನಾಟಿ ಮಾಡಿಸಬೇಕು. ಅಗೆಯು ಮಡಿಯಲ್ಲಿಯೇ ಬಲಿತುಹೋದರೆ ತೆಂಡೆ ಕಡಿಮೆಯಾಗಿ ಇಳುವರಿಯು ಕುಗ್ಗುವುದು. ಹಿಂದೆ ಎತ್ತು ಕೋಣಗಳು ಮಾಡುತ್ತಿದ್ದ ಕೆಸರುಗೆಲಸವನ್ನು ಈಗ ಬಹುಮಟ್ಟಿಗೆ ಟ್ರ್ಯಾಕ್ಟರುಗಳು ಮಾಡುತ್ತಿವೆ. ದಣಿದ ಎತ್ತನ್ನು ನೆರಳಿಗೆ ಕಟ್ಟಿ ನೀರು ಕುಡಿಸಬೇಕೆಂಬುದನ್ನು ಯಾರೂ ರೈತನಿಗೆ ಕಲಿಸಬೇಕಾಗಿಲ್ಲ; ಯಂತ್ರದ ಬಾಯಾರಿಕೆಯಾದರೋ ಅದು ಹಬೆಯುಗುಳಿ ನಿಂತ ಮೇಲೆಯೇ ಹಲವರ ಗಮನಕ್ಕೆ ಬರುತ್ತದೆ. ಹೀಗೆ ನಿಂತ ಒಂದು ಟ್ರ್ಯಾಕ್ಟರು ಒಡೆಯನ ನಾಟಿಯನ್ನು ಮಾತ್ರವಲ್ಲದೆ, ಅದನ್ನು ಬಾಡಿಗೆಗೆ ಹೇಳಿಟ್ಟಿರುವ ನಾಲ್ಕಾರು ಮನೆಗಳ ನಾಟಿಯನ್ನೂ ಹಿಂದೆ ಹಾಕುವುದು.

ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿಲೋಮೀಟರು. ಸೊರಬವು ಇನ್ನೂ ದೂರ. ಸುಗ್ಗಿ ನಾಟಿಗಳ ಕಾಲದಲ್ಲಿ ಪಟ್ಟಣದ ಮೆಕ್ಯಾನಿಕ್ಕಿಗೆ ಬಿಡುವಿರುವುದಿಲ್ಲ. ರೇಡಿಯೇಟರನ್ನು ಬದಲಾಯಿಸುವುದು ಅಷ್ಟೇನೂ ಕಠಿಣವಾದ ಕೆಲಸವಲ್ಲ. ಪಾನಾ ಹಿಡಿದು ಅಭ್ಯಾಸವುಳ್ಳ ಇಬ್ಬರು ಅದನ್ನು ಮನೆಯಂಗಳದಲ್ಲಿಯೇ ಒಂದು ದಿನದಲ್ಲಿ ಮುಗಿಸಬಹುದು. ಆದರೆ ಹಳೆಯದು ಏಕೆ ಕೆಟ್ಟಿತೆಂಬುದನ್ನು ತಿಳಿಯದೆ ಹೊಸದನ್ನು ಕೂರಿಸಿದಲ್ಲಿ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುವುದು.

ರೇಡಿಯೇಟರಿನ ಕೆಲಸ

ಸುಟ್ಟ ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ದುಡಿಮೆಗೆ ಒದಗುತ್ತದೆ. ಉಳಿದ ಶಾಖದಲ್ಲಿ ಒಂದು ಭಾಗವು ಹೊಗೆಯ ಸಂಗಡ ಹೋಗುವುದು. ಇನ್ನೊಂದು ದೊಡ್ಡ ಭಾಗವನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ಜರ್ಮನಿಯ ವಿಲ್ಹೆಲ್ಮ್ ಮೇಬಾಖ್ ಎಂಬ ಶಿಲ್ಪಿಯು 1901ರ ಮರ್ಸಿಡಿಸ್ ಕಾರಿಗೆ ಜೇನುಹುಟ್ಟಿನಂತಹ ರೇಡಿಯೇಟರನ್ನು ಅಳವಡಿಸಿದನು. ಅದರಲ್ಲಿ ಸುಮಾರು 8,000 ಸಣ್ಣ ಕೊಳವೆಗಳಿದ್ದುವು. ನೀರಿಗೂ ಗಾಳಿಗೂ ನಡುವಣ ಮೈಯನ್ನು ಹೆಚ್ಚಿಸಿದಷ್ಟೂ ಶಾಖವು ಬೇಗ ಇಳಿಯುವುದೆಂಬ ಆ ತತ್ತ್ವವೇ ಇಂದಿನ ಟ್ರ್ಯಾಕ್ಟರಿನಲ್ಲಿಯೂ ನಡೆಯುತ್ತಿದೆ. ಸಂದುಗಳು ಸಣ್ಣವಾದುದರಿಂದಲೇ ಅವು ಬೇಗ ಮುಚ್ಚಿಹೋಗುತ್ತವೆ.

ಕೆಡಲು ಕಾರಣಗಳು

ಈ ಸೀಮೆಯಲ್ಲಿ ರೇಡಿಯೇಟರಿಗೆ ಎರಡು ಶತ್ರುಗಳುಂಟು. ಹೊರಗಿನದು ಭತ್ತದ ಹೊಟ್ಟು, ಮೆಕ್ಕೆಜೋಳದ ಒಕ್ಕಣೆಯ ಧೂಳು ಮತ್ತು ಕೆಸರು. ಇವು ರೆಕ್ಕೆಗಳ ನಡುವೆ ಮೆತ್ತಿಕೊಂಡು ಗಾಳಿಯನ್ನು ತಡೆಯುತ್ತವೆ. ಒಳಗಿನದು ಕೊಳವೆಬಾವಿಯ ಗಡಸು ನೀರು. ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿಯ ಪದರದಂತೆಯೇ ಇಲ್ಲಿಯೂ ಸುಣ್ಣದ ಪದರವು ಕಟ್ಟಿ, ಕೊಳವೆಗಳು ಕಿರಿದಾಗಿ, ಕೊನೆಗೆ ನೀರಿನ ಓಟವೇ ನಿಲ್ಲುವುದು. ಎಂಜಿನ್ನಿನ ಕಬ್ಬಿಣವು ತುಕ್ಕು ಹಿಡಿದು ಆ ಕಸವೂ ಇದರೊಳಗೆ ಸೇರುವುದು.

ಎಂಜಿನ್ ಕಾಯ್ದ ಮಾತ್ರಕ್ಕೆ ರೇಡಿಯೇಟರೇ ಕೆಟ್ಟಿತೆಂದು ತೀರ್ಮಾನಿಸಕೂಡದು. ಮೊದಲು ಫ್ಯಾನ್ ಬೆಲ್ಟು ಸಡಿಲವಾಗಿದೆಯೇ, ಹೋಸ್ ಪೈಪು ಸೀಳಿದೆಯೇ, ವಾಟರ್ ಪಂಪಿನ ಬುಡದಲ್ಲಿ ನೀರು ಜಿನುಗುತ್ತಿದೆಯೇ ಎಂಬುದನ್ನು ನೋಡತಕ್ಕದ್ದು. ಎಂಜಿನ್ ಕಾದಿದ್ದರೂ ಮೇಲಿನ ಹೋಸು ತಣ್ಣಗಿದ್ದರೆ ಥರ್ಮೋಸ್ಟಾಟು ತೆರೆಯದಿರುವ ಸಂಭವವುಂಟು. ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ ನಡೆಸಿದರೆ ಎಡೆಬಿಡದೆ ಗುಳ್ಳೆಗಳೇಳುವುದಾಗಲಿ, ಎಂಜಿನ್ ಆಯಿಲ್ ಹಾಲಿನಂತೆ ಬೆಳ್ಳಗಾಗಿರುವುದಾಗಲಿ ಕಂಡುಬಂದಲ್ಲಿ ದೋಷವು ಹೆಡ್ ಗ್ಯಾಸ್ಕೆಟ್ಟಿನಲ್ಲಿರಬಹುದು. ಅದು ಮೆಕ್ಯಾನಿಕ್ಕಿನ ಕೆಲಸ. ರೆಕ್ಕೆಗಳಲ್ಲಿ ಹೊಟ್ಟು ಮಾತ್ರ ತುಂಬಿದ್ದರೆ ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆದರೆ ಸಾಕು. ಕೊಳವೆ ತೂತಾಗಿದ್ದರೆ, ಒಳಗೆ ಕಟ್ಟಿಹೋಗಿದ್ದರೆ ಇಲ್ಲವೆ ತೊಟ್ಟಿಯು ಬಿರಿದಿದ್ದರೆ ಬದಲಾವಣೆಯು ಅಗತ್ಯ.

ಎಚ್ಚರಿಕೆ

ಕಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆಗೆಯಕೂಡದು. ಮುಚ್ಚಳವು ಒಳಗಿನ ನೀರನ್ನು ಒತ್ತಡದಲ್ಲಿಡುತ್ತದೆ. ಹೊರಗಿನ ಗಾಳಿಗಿಂತ 1 ಬಾರ್ ಹೆಚ್ಚು ಒತ್ತಡವಿದ್ದಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 120 ಡಿಗ್ರಿ ಸೆಲ್ಸಿಯಸ್ಸಿಗೆ ಕುದಿಯುವುದು. ಮುಚ್ಚಳ ತೆಗೆದೊಡನೆ ಒತ್ತಡವು ಬಿಟ್ಟು, ಅಷ್ಟು ಕಾದ ನೀರು ಒಮ್ಮೆಲೇ ಹಬೆಯಾಗಿ ಮುಖಕ್ಕೂ ಎದೆಗೂ ಚಿಮ್ಮುವುದು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ತಪ್ಪು; ಅದರಿಂದ ಹೆಡ್ಡು ಬಿರಿಯಬಹುದು. ರಾತ್ರಿಯೆಲ್ಲ ಆರಲು ಬಿಟ್ಟು ಬೆಳಗ್ಗೆ ಕೆಲಸಕ್ಕೆ ತೊಡಗುವುದೇ ಕ್ಷೇಮ.

ಎರಡನೆಯ ಎಚ್ಚರಿಕೆಯು ದನಕರುಗಳಿಗೆ ಸಂಬಂಧಪಟ್ಟದ್ದು. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಎಂಬ ದ್ರವವು ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಅದು ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುತ್ತದೆ. ಅಂಗಳದಲ್ಲಿ ನಿಂತ ಬಣ್ಣದ ನೀರನ್ನು ನಾಯಿಯಾಗಲಿ ಕರುವಾಗಲಿ ನೆಕ್ಕುವುದು ಅಸಾಧ್ಯವಲ್ಲ, ಮಕ್ಕಳಿಗೂ ಅಪಾಯವುಂಟು. ಆದುದರಿಂದ ಹಳೆಯ ದ್ರವವನ್ನು ಅಗಲವಾದ ಪಾತ್ರೆಯಲ್ಲಿ ಹಿಡಿದು, ಮುಚ್ಚಳವಿರುವ ಕ್ಯಾನಿಗೆ ತುಂಬಿ, ಗುರುತು ಬರೆದು ಬೇರೆಯಿಡತಕ್ಕದ್ದು. ಕೆರೆ ಕಾಲುವೆಗಳಿಗೂ ಕೊಟ್ಟಿಗೆಯ ಚರಂಡಿಗೂ ಬಿಡಲೇಕೂಡದು.

ಬಿಚ್ಚುವ ಕ್ರಮ

ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಬ್ರೇಕು ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಬೇಕು. ಮುಚ್ಚಳವನ್ನು ತೆಗೆದು, ಕೆಳಗಿನ ತಿರುಪಿನಿಂದ ದ್ರವವನ್ನು ಇಳಿಸಬೇಕು. ಬಾನೆಟ್ಟನ್ನೂ ಮುಂದಿನ ಜಾಲರಿಯನ್ನೂ ಬಿಚ್ಚಿ, ಪ್ರತಿಯೊಂದು ಸ್ಥಳದ ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಡುವುದು ಉತ್ತಮ. ಅನಂತರ ಮೇಲಿನ ಕೆಳಗಿನ ಹೋಸುಗಳ ಕ್ಲಿಪ್ಪನ್ನು ಸಡಿಲಿಸಬೇಕು. ಹಳೆಯ ಹೋಸು ಅಂಟಿಕೊಂಡಿದ್ದರೆ ಬಲವಂತವಾಗಿ ಎಳೆಯದೆ ಮೆಲ್ಲಗೆ ತಿರುಚಬೇಕು. ಬಾರದಿದ್ದರೆ ಹೋಸನ್ನೇ ಸೀಳಿ ತೆಗೆಯಬೇಕು. ಅವಸರಕ್ಕೆ ಎಂಜಿನ್ನಿನ ಕಡೆಯ ಕೊರಳು ಮುರಿದರೆ ನೂರರ ಖರ್ಚು ಸಾವಿರಕ್ಕೆ ಏರುವುದು. ಚಂದನದ ತುಂಡಿನ ಮೇಲೆ ಉಳಿಯಾಡಿಸುವ ಸೊರಬದ ಗುಡಿಗಾರನ ತಾಳ್ಮೆಯು ಇಲ್ಲಿಯೂ ಬೇಕು. ಫ್ಯಾನಿನ ಸುತ್ತಣ ಕವಚವನ್ನು ಸರಿಸಿ, ಹಿಡಿತದ ಬೋಲ್ಟುಗಳನ್ನು ಬಿಚ್ಚಿ, ಇಬ್ಬರು ಸೇರಿ ರೇಡಿಯೇಟರನ್ನು ನೆಟ್ಟಗೆ ಮೇಲಕ್ಕೆತ್ತಬೇಕು.

ಕಾರಿನಲ್ಲಿಯೂ ಕ್ರಮವು ಹೆಚ್ಚು ಕಡಿಮೆ ಇದೇ. ಆದರೆ ಅದರ ವಿದ್ಯುತ್ ಫ್ಯಾನು ಎಂಜಿನ್ ನಿಂತಿದ್ದಾಗಲೂ ತಾನಾಗಿ ತಿರುಗಬಹುದಾದುದರಿಂದ ಬ್ಯಾಟರಿಯ ತಂತಿಯನ್ನು ಬಿಚ್ಚದೆ ಕೈ ಹಾಕಕೂಡದು. ಎ.ಸಿ.ಯ ಗ್ಯಾಸಿನ ಕೊಳವೆಗಳನ್ನು ಮನೆಯಲ್ಲಿ ಬಿಚ್ಚಲೇಕೂಡದು.

ಹೊಸದನ್ನು ಕೂರಿಸುವುದು

ಹೊಸ ರೇಡಿಯೇಟರನ್ನು ಹಳೆಯದರ ಪಕ್ಕದಲ್ಲಿರಿಸಿ ಎತ್ತರ, ಅಗಲ, ಕೊರಳುಗಳ ಅಳತೆ ಮತ್ತು ಬೋಲ್ಟಿನ ತೂತುಗಳನ್ನು ಹೋಲಿಸಿ ನೋಡಬೇಕು. ಮುಚ್ಚಳದ ಮೇಲೆ ಬರೆದಿರುವ ಒತ್ತಡವು ಯಂತ್ರದ ಕೈಪಿಡಿಯಲ್ಲಿ ಹೇಳಿದುದೇ ಆಗಿರತಕ್ಕದ್ದು. ಕೂರಿಸುವ ಮೊದಲು ಎಂಜಿನ್ನಿನೊಳಕ್ಕೆ ಶುದ್ಧವಾದ ನೀರು ಹಾಯಿಸಿ, ತುಕ್ಕಿನ ಬಣ್ಣವು ಹೋಗಿ ತಿಳಿನೀರು ಬರುವವರೆಗೂ ತೊಳೆಯಬೇಕು. ಈ ಕೆಲಸವನ್ನು ಬಿಟ್ಟರೆ ಹಳೆಯ ಕಸವೆಲ್ಲ ಹೊಸ ಕೊಳವೆಗಳನ್ನು ಸೇರುವುದು. ಅಡಿಯ ರಬ್ಬರು ಮೆತ್ತೆಗಳು ಸವೆದಿದ್ದರೆ ಹೊಸವನ್ನು ಹಾಕಬೇಕು. ಅವಿಲ್ಲದೆ ಟ್ರ್ಯಾಕ್ಟರಿನ ಅದುರುವಿಕೆಯು ರೇಡಿಯೇಟರಿಗೆ ನೇರವಾಗಿ ತಾಕಿ ಬೆಸುಗೆಯು ಬಿಡುವುದು. ಹೋಸುಗಳನ್ನೂ ಕ್ಲಿಪ್ಪುಗಳನ್ನೂ ಹೊಸದಾಗಿಯೇ ಹಾಕುವುದು ಲೇಸು. ಫ್ಯಾನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲಿಯೂ ತಾಗುವುದಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

ತುಂಬಬೇಕಾದ ನೀರು

ಇಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲವಾದುದರಿಂದ ಕೂಲೆಂಟು ಏತಕ್ಕೆಂದು ಕೆಲವರು ಕೇಳುವುದುಂಟು. ಅದರಲ್ಲಿ ತುಕ್ಕನ್ನು ತಡೆಯುವ ಔಷಧಗಳಿವೆ. ಕುದಿಯುವ ಶಾಖಮಾನವನ್ನೂ ಅದು ಏರಿಸುವುದು. ಬೆರೆಸಿಯೇ ಮಾರುವ ಕೂಲೆಂಟನ್ನು ಹಾಗೆಯೇ ತುಂಬಬಹುದು. ಗಟ್ಟಿ ಕೂಲೆಂಟಾದರೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನೊಡನೆ ಬೆರೆಸಬೇಕು. ಕೊಳವೆಬಾವಿಯ ನೀರನ್ನು ಬೆರೆಸಿದಲ್ಲಿ ಹಿಂದಿನ ದೋಷವು ಮತ್ತೆ ಆರಂಭವಾದಂತೆಯೇ.

ದ್ರವವನ್ನು ನಿಧಾನವಾಗಿ ತುಂಬಿ, ಮುಚ್ಚಳ ಹಾಕದೆಯೇ ಎಂಜಿನ್ನನ್ನು ಮೆಲ್ಲಗೆ ನಡೆಸಬೇಕು. ಒಳಗಿನ ಗಾಳಿಯು ಗುಳ್ಳೆಗಳಾಗಿ ಹೊರಬಂದಂತೆ ಮಟ್ಟವು ಇಳಿಯುವುದು. ಇಳಿದಷ್ಟನ್ನು ತುಂಬುತ್ತ ಬರಬೇಕು. ಮೇಲಿನ ಹೋಸು ಬೆಚ್ಚಗಾಗಿ, ಗುಳ್ಳೆಗಳು ನಿಂತೊಡನೆ ಮುಚ್ಚಳ ಹಾಕಿ, ಎಲ್ಲ ಸಂದುಗಳಲ್ಲಿಯೂ ಸೋರಿಕೆಯಿದೆಯೇ ಎಂದು ಪರೀಕ್ಷಿಸಬೇಕು. ಮರುದಿನ ಬೆಳಗ್ಗೆ ತಣ್ಣಗಿರುವಾಗ ಮತ್ತೊಮ್ಮೆ ಮಟ್ಟವನ್ನು ನೋಡಿ, ಅರ್ಧ ದಿನ ಹಗುರ ಕೆಲಸ ಮಾಡಿಸಿ, ಅನಂತರವೇ ಕೆಸರುಗದ್ದೆಗೆ ಇಳಿಸತಕ್ಕದ್ದು.

ಗ್ರಾಮದ ಮುಖಂಡರ ಕರ್ತವ್ಯ

ಗ್ರಾಮದಲ್ಲಿ ಹತ್ತಾರು ಟ್ರ್ಯಾಕ್ಟರುಗಳಿದ್ದರೂ ಒಳ್ಳೆಯ ಪಾನಾಗಳ ಒಂದು ಜೊತೆಯಾಗಲಿ, ಹಳೆಯ ಕೂಲೆಂಟನ್ನು ಹಾಕಿಡಲು ಒಂದು ಮುಚ್ಚಿದ ಡ್ರಮ್ಮಾಗಲಿ ಇಲ್ಲದಿರುವುದುಂಟು. ಮುಖಂಡರೂ ದೊಡ್ಡ ಹಿಡುವಳಿದಾರರೂ ಸಹಕಾರ ಸಂಘದ ಮೂಲಕ ಇವೆರಡನ್ನು ಒದಗಿಸಿಕೊಟ್ಟರೆ ಸಣ್ಣ ರೈತರಿಗೆ ಮಹದುಪಕಾರವಾಗುವುದು. ಬಾಡಿಗೆಗೆ ಹೋಗುವ ಟ್ರ್ಯಾಕ್ಟರುಗಳ ಚಾಲಕರು ದಿನವೂ ಎಂಜಿನ್ ಹೂಡುವ ಮೊದಲು ನೀರಿನ ಮಟ್ಟವನ್ನು ನೋಡುವಂತೆಯೂ, ಒಕ್ಕಣೆಯ ಕಾಲದಲ್ಲಿ ಸಂಜೆ ಸಂಜೆ ಜಾಲರಿಯ ಹೊಟ್ಟನ್ನು ತೆಗೆಯುವಂತೆಯೂ ಅವರು ಕಟ್ಟುಮಾಡಬೇಕು. ಬದಲಾವಣೆಯ ಕೆಲಸಕ್ಕೆ ಬೇಸಗೆಯ ಬಿಡುವು ತಕ್ಕ ಕಾಲ. ಮುಂಗಾರಿಗೆ ಮೊದಲೇ ರೇಡಿಯೇಟರನ್ನು ಪರೀಕ್ಷಿಸಿಟ್ಟುಕೊಂಡ ಮನೆಯವರ ಅಗೆಯು ಮಡಿಯಲ್ಲಿ ಬಲಿಯುವ ಮೊದಲೇ ಗದ್ದೆಯನ್ನು ಸೇರುವುದು.