ಹದಿಮೂರಕ್ಕೆ ಮೂವತ್ತೆಂಟು

ಗೆದ್ದ ಮತಗಳನ್ನಷ್ಟೇ ಎಣಿಸುವುದಾದರೆ ಗೋಪಾಲಕೃಷ್ಣ ಗೋಖಲೆಯವರದು ಬಡ ಖಾತೆ. 1912ರ ಮಾರ್ಚ್ 4ರಂದು, ಕರಾರು ಕೂಲಿ ಪದ್ಧತಿ ನಿಲ್ಲಿಸಬೇಕೆಂಬ ಅವರ ಗೊತ್ತುವಳಿಗೆ ಪರ 22, ವಿರುದ್ಧ 33. ಅದೇ ತಿಂಗಳ 19ರಂದು ಪ್ರಾಥಮಿಕ ಶಿಕ್ಷಣ ಮಸೂದೆಗೆ ಪರ 13, ವಿರುದ್ಧ 38. ನಾನು ಧಾರವಾಡ ಬಿಟ್ಟು ಬಂದು ಪುಣೆಯಲ್ಲಿ ಲೆಕ್ಕ ತಪಾಸಣೆ ಮಾಡುತ್ತಲೇ ತಲೆಗೂದಲು ಹಣ್ಣು ಮಾಡಿಕೊಂಡವನು. ನಿವೃತ್ತನಾದ ಮೇಲೂ ಚಟ ಬಿಟ್ಟಿಲ್ಲ. ಶಾಸಕರು, ಸಂಸದರು ಏನು ಕೇಳಿದರು, ಯಾವ ಕಡೆ ಮತ ಹಾಕಿದರು ಎಂದು ಹುಡುಕುತ್ತಾ ಕೂರುತ್ತೇನೆ. ಹಾಗೆ ಹುಡುಕುವವನಿಗೆ ಪುಣೆಯಲ್ಲಿ ಮೊದಲು ಸಿಗುವ ದೊಡ್ಡ ಖಾತೆ ಗೋಖಲೆಯವರದು.

ಮಸೂದೆಯಲ್ಲಿ ಕ್ರಾಂತಿಯೇನೂ ಇರಲಿಲ್ಲ. ಶಾಲಾ ವಯಸ್ಸಿನ ಗಂಡುಮಕ್ಕಳಲ್ಲಿ ಇಂತಿಷ್ಟು ಪಾಲು ಈಗಾಗಲೇ ಶಾಲೆಗೆ ಹೋಗುತ್ತಿರುವ ಊರುಗಳಲ್ಲಿ, ಅಲ್ಲಿನ ಸ್ಥಳೀಯ ಸಂಸ್ಥೆಗೆ ಮನಸ್ಸಿದ್ದರೆ, ಆರರಿಂದ ಹತ್ತು ವರ್ಷದ ಹುಡುಗರಿಗೆ ಶಾಲೆ ಕಡ್ಡಾಯ. ತಿಂಗಳಿಗೆ ಹತ್ತು ರೂಪಾಯಿಗಿಂತ ಕಡಿಮೆ ದುಡಿಯುವ ಮನೆಯ ಮಕ್ಕಳಿಗೆ ಫೀ ಇಲ್ಲ. ಹೆಣ್ಣುಮಕ್ಕಳ ಸರದಿ ಆಮೇಲೆ. ಇಷ್ಟೇ. ಆದರೂ ಬಿತ್ತು. ವೈಸರಾಯರ ಶಾಸನಸಭೆಯಲ್ಲಿ ಸರಕಾರಿ ಅಧಿಕಾರಿಗಳದೇ ಬಹುಮತ. ಅವರು ಹೇಳಿದ ಕಡೆ ಮತ ಹಾಕುವವರು. ಸಂಜೆಯೊಳಗೆ ಮಸೂದೆ ಬೀಳುತ್ತದೆಂದು ತಮಗೆ ಗೊತ್ತು, ಅದಕ್ಕಾಗಿ ತಮ್ಮ ದೂರೇನೂ ಇಲ್ಲ ಎಂದು ಗೋಖಲೆ ಭಾಷಣದಲ್ಲೇ ಹೇಳಿಬಿಟ್ಟಿದ್ದರು. ಉಚಿತ, ಕಡ್ಡಾಯ ಶಿಕ್ಷಣ ದೇಶದ ಮಕ್ಕಳ ಹಕ್ಕಾಗಿ ಕಾಯ್ದೆಯಾದದ್ದು 2009ರಲ್ಲಿ.

ಇನ್ನು ಅವರ ಪ್ರಶ್ನೆಗಳ ಮಾತು. ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಸಿಕ್ಕಿದ್ದೇ 1892ರ ಕಾಯ್ದೆಯಿಂದ. ಕೇಳಬಹುದು, ಸರಕಾರ ಕೊಟ್ಟ ಉತ್ತರ ಕೇಳಿಸಿಕೊಂಡು ಕೂರಬೇಕು, ಮರುಪ್ರಶ್ನೆ ಇಲ್ಲ. ಆಯವ್ಯಯದ ಮೇಲೆ ಮಾತಾಡಬಹುದು, ಮತ ಹಾಕುವಂತಿಲ್ಲ. 1909ರ ಕಾಯ್ದೆ ಪೂರಕ ಪ್ರಶ್ನೆಗೆ ಅವಕಾಶ ಕೊಟ್ಟಿತು, ಅದೂ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ. ಇಷ್ಟು ಕಟ್ಟಿಹಾಕಿದ ಜಾಗದಲ್ಲಿ 1902ರಲ್ಲಿ ಎದ್ದು ನಿಂತು, ಖಜಾನೆಯಲ್ಲಿ ಹಣ ಉಳಿದಿದೆ ಎಂದರೆ ದೇಶ ಸಮೃದ್ಧವಾಗಿದೆ ಎಂದಲ್ಲ, ಬಡವರಿಂದ ಹೆಚ್ಚು ವಸೂಲಾಗಿದೆ ಎಂದು ಸರಕಾರದ್ದೇ ಅಂಕಿಗಳಿಂದ ತೋರಿಸಿಕೊಟ್ಟರು. ಆಗ ಉಪ್ಪಿನ ತೆರಿಗೆ ಮಣಕ್ಕೆ ಎರಡೂವರೆ ರೂಪಾಯಿ. 1903ರಲ್ಲಿ ಎರಡಾಯಿತು, 1905ರಲ್ಲಿ ಒಂದೂವರೆ, 1907ರಲ್ಲಿ ಒಂದು. ಇದೆಲ್ಲ ಒಬ್ಬರ ಮಾತಿನಿಂದಲೇ ಆಯಿತೆಂದು ನಾನು ಬರೆದುಕೊಡಲಾರೆ. ಆದರೆ ಮತದಾನವೇ ಇಲ್ಲದ ಕಡೆಯೂ ಲೆಕ್ಕ ಕೇಳುವವನಿಗೆ ತೂಕವಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವೋಚರ್ ನನಗೆ ಸಿಕ್ಕಿಲ್ಲ. ಡಿವಿಜಿಯವರು 1945ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾರ್ವಜನಿಕ ವಿಚಾರ ಸಂಸ್ಥೆಗೆ ಗೋಖಲೆಯವರ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಈಗಿನ ಲೋಕಸಭೆಯ ಪದ್ಧತಿ ಬೇರೆ. ಕನಿಷ್ಠ ಹದಿನೈದು ದಿನ ಮೊದಲು ನೋಟಿಸ್ ಕೊಡಬೇಕು. ಬಂದ ರಾಶಿಯಿಂದ ಚೀಟಿ ಎತ್ತಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ರಹಿತ ಪ್ರಶ್ನೆ ಆರಿಸುತ್ತಾರೆ. ಚುಕ್ಕೆ ಇದ್ದವಕ್ಕೆ ಮಂತ್ರಿ ಸದನದಲ್ಲೇ ಉತ್ತರಿಸಬೇಕು, ಪೂರಕ ಪ್ರಶ್ನೆಗೂ ತಯಾರಿರಬೇಕು. ಒಂದು ಗಂಟೆಯಲ್ಲಿ ಸರದಿ ಬರುವುದು ಬೆರಳೆಣಿಕೆಯಷ್ಟಕ್ಕೆ. ಉಳಿದವಕ್ಕೆ ಬರಹದ ಉತ್ತರ. ಚುನಾವಣೆ ಬಂದಾಗ ‘ನಮ್ಮ ಸಂಸದರು ಇಷ್ಟು ಪ್ರಶ್ನೆ ಕೇಳಿದರು’ ಎಂಬ ಫಲಕ ಏಳುತ್ತದಲ್ಲ, ಅದರಲ್ಲಿ ಚೀಟಿಯ ಅದೃಷ್ಟವೂ ಉಂಟು, ಪ್ರಶ್ನೆ ಬರೆದುಕೊಡುವ ಸಹಾಯಕರ ಚುರುಕೂ ಉಂಟು. ಹಾಗಾಗಿ ನಾನು ಎಣಿಕೆ ಬಿಟ್ಟು ಉತ್ತರ ಓದುತ್ತೇನೆ. ‘(ಎ)ಯಿಂದ (ಡಿ)ವರೆಗೆ’ ಎಂದು ನಾಲ್ಕು ಉಪಪ್ರಶ್ನೆಗಳನ್ನು ಒಂದೇ ಕಟ್ಟಿಗೆ ಕಟ್ಟಿ ಉತ್ತರಿಸಿದ್ದರೆ, ಅದರಲ್ಲಿ ಯಾವುದಕ್ಕೋ ಉತ್ತರ ಇಲ್ಲವೆಂದೇ ಲೆಕ್ಕ. ಯಾವುದಕ್ಕೆ ಎಂದು ಪೆನ್ಸಿಲ್ ಹಿಡಿದು ನೋಡಬೇಕು. ‘ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು’ ಎಂಬ ಸಾಲು ಕಂಡರೆ ಬೇಸರ ಪಡಬೇಡಿ. ಅದು ಸರಕಾರದ ಭರವಸೆಯೆಂದು ದಾಖಲಾಗುತ್ತದೆ, ಮೂರು ತಿಂಗಳಲ್ಲಿ ಈಡೇರಿಸಬೇಕು, ಬೆನ್ನು ಹತ್ತಲು ಭರವಸೆಗಳ ಸಮಿತಿ ಇದೆ. ನಮ್ಮ ಆಡಿಟ್ ಆಕ್ಷೇಪಣೆಗಳಿಗೆ ‘ಪರಿಶೀಲನೆಯಲ್ಲಿದೆ’ ಎಂದು ಬರುತ್ತಿದ್ದ ಉತ್ತರಗಳಿಗೆ ಅಂಥ ವಾಯಿದೆ ಇದ್ದಿದ್ದರೆ!

ಮತದ ದಾಖಲೆ ಸಿಗುವುದು ಇನ್ನೂ ಕಷ್ಟ. ಬಹುಪಾಲು ಮಸೂದೆಗಳು ಪಾಸಾಗುವುದು ಧ್ವನಿಮತದಿಂದ. ಯಾರು ‘ಹೌದು’ ಎಂದರು, ಯಾರು ‘ಇಲ್ಲ’ ಎಂದರು, ಯಾರು ಹೊರಗೆ ಚಹಾ ಕುಡಿಯುತ್ತಿದ್ದರು, ಯಾವುದೂ ಕಾಗದಕ್ಕೆ ಬರುವುದಿಲ್ಲ. ಯಾರಾದರೂ ಪಟ್ಟು ಹಿಡಿದು ವಿಭಜನೆ ಕೇಳಿದರೆ, ಇಲ್ಲವೆ ಸಂವಿಧಾನ ತಿದ್ದುಪಡಿಯಾದರೆ ಮಾತ್ರ ಹೆಸರುಗಳು ಮೂಡುತ್ತವೆ. ಮೂಡಿದರೂ, 1985ರ ಪಕ್ಷಾಂತರ ನಿಷೇಧ ಕಾಯ್ದೆಯ ನಂತರ ವಿಪ್ ಮೀರಿದವರ ಸದಸ್ಯತ್ವಕ್ಕೇ ಕುತ್ತು. ಅಧಿಕಾರಿಗಳ ಬಹುಮತ ಹೋಗಿ ನೂರು ವರ್ಷವಾದರೂ, ಹೇಳಿದ ಕಡೆ ಮತ ಹಾಕುವುದೇನೂ ತಪ್ಪಿಲ್ಲ.

ಸಂಸದರ ಸ್ವಂತ ಮನಸ್ಸು ಕಾಣುವುದು ಖಾಸಗಿ ಮಸೂದೆಗಳಲ್ಲಿ. ಬಾರಾಮತಿಯ ಸುಪ್ರಿಯಾ ಸುಳೆ 2018ರ ಡಿಸೆಂಬರಿನಲ್ಲಿ ಒಂದು ಮಂಡಿಸಿದರು: ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿಯ ಫೋನು, ಇಮೇಲ್‌ಗೆ ಉತ್ತರಿಸದಿರುವ ಹಕ್ಕು ನೌಕರರಿಗೆ ಬೇಕು ಎಂದು. ಬಾರಾಮತಿ ಎಂದರೆ ಕಬ್ಬಿನ ಸೀಮೆ, ಅಲ್ಲಿಗೇಕೆ ಇದು ಎನ್ನಬೇಡಿ. ಐಟಿ ಕಂಪನಿಗಳ ಹಿಂಜವಡಿ ಇರುವುದು ಅದೇ ಕ್ಷೇತ್ರದಲ್ಲಿ. ಮುಂದಿನ ಚುನಾವಣೆ ಮುಗಿದು ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು. ಸ್ವಾತಂತ್ರ್ಯ ಬಂದಾಗಿನಿಂದ ಕಾಯ್ದೆಯಾದ ಖಾಸಗಿ ಮಸೂದೆಗಳು ಬರೀ ಹದಿನಾಲ್ಕು, ಕೊನೆಯದು 1970ರಲ್ಲಿ.

ಪುಣೆಯ ನಕ್ಷೆಯೇ ಹಾಗೆ, ಊರು ಒಂದೇ, ಕ್ಷೇತ್ರ ಬೇರೆ ಬೇರೆ. ನಮ್ಮ ಕೋಥರೂಡ ಪುಣೆ ಕ್ಷೇತ್ರದಲ್ಲಿ. ನನ್ನ ತಂಗಿ ಇರುವ ಧಾಯರಿ, ಖಡಕವಾಸಲಾ ವಿಧಾನಸಭೆಯ ಮೂಲಕ ಬಾರಾಮತಿಗೆ ಸೇರಿದೆ. “ಅಣ್ಣಾ, ನಮ್ಮ ಖಾಸದಾರರು ಅಷ್ಟು ಪ್ರಶ್ನಿ ಕೇಳ್ತಾರ, ನಿಮ್ಮವರ ಹೆಸರಿಗೆ ಒಂದೂ ಇಲ್ಲಲ್ಲ?” ಎಂದು ಆಕೆ, ಸಂಸದರನ್ನು ಮರಾಠಿಯಲ್ಲಿ ಖಾಸದಾರರೆಂದೇ ಕರೆದು, ಛೇಡಿಸುತ್ತಾಳೆ. ನಮ್ಮವರು ಮಂತ್ರಿಗಳವ್ವಾ, ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ ಎಂದು ಅವಳಿಗೆ ಹೇಳುತ್ತೇನೆ. ಮುರಲೀಧರ ಮೊಹೋಳ್ 2024ರಲ್ಲಿ ಗೆದ್ದವರು ಸದನ ಸೇರುವ ಮೊದಲೇ, ಜೂನ್ 9ರಂದು, ನಾಗರಿಕ ವಿಮಾನಯಾನ ಮತ್ತು ಸಹಕಾರ ಖಾತೆಯ ರಾಜ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದರು.

ಅದಕ್ಕೂ ಹಿಂದೆ ಕುರ್ಚಿಯೇ ಖಾಲಿ. ಸಂಸದ ಗಿರೀಶ್ ಬಾಪಟ್ 2023ರ ಮಾರ್ಚ್ 29ರಂದು ತೀರಿಕೊಂಡರು. ತೆರವಾದ ಸ್ಥಾನಕ್ಕೆ ಆರು ತಿಂಗಳಲ್ಲಿ ಉಪಚುನಾವಣೆ ಆಗಬೇಕೆಂದು ಕಾಯ್ದೆ ಇದೆ. ಸಾರ್ವತ್ರಿಕ ಚುನಾವಣೆಯ ತಯಾರಿಯಲ್ಲಿದ್ದೇವೆ ಎಂದು ಚುನಾವಣಾ ಆಯೋಗ ಕೈಚೆಲ್ಲಿತು. ಪುಣೆಯ ಮತದಾರರೊಬ್ಬರು ಕೋರ್ಟಿಗೆ ಹೋದರು. ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟು ಚುನಾವಣೆ ನಡೆಸಿ ಎಂದಿತು, ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಈ ನಡುವೆ, 2023ರ ಸೆಪ್ಟೆಂಬರ್ 20ರಂದು, ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಯಲ್ಲಿ 454ಕ್ಕೆ 2 ಮತಗಳಿಂದ ಪಾಸಾಯಿತು. ಒಬ್ಬೊಬ್ಬರ ಮತವೂ ದಾಖಲಾದ ಅಪರೂಪದ ದಿನ ಅದು, ಪುಣೆಯ ಮತ ಮಾತ್ರ ಯಾವ ಕಡೆಯೂ ಇಲ್ಲ. ಬಾಪಟ್ ಹೋದ ಮೇಲೆ ಮೊದಲು ಖಾಲಿ ಕುರ್ಚಿ, ಆಮೇಲೆ ಮಂತ್ರಿಯ ಕುರ್ಚಿ. ಹೀಗಾಗಿ ನಮ್ಮ ಪುಣೆ ಕ್ಷೇತ್ರದ ಸಂಸದರ ಹೆಸರಿನಲ್ಲಿ ಲೋಕಸಭೆಯ ಕೊನೆಯ ಪ್ರಶ್ನೆ ಹುಡುಕುವವರು 2023ರ ಆ ಮಾರ್ಚ್ 29ಕ್ಕಿಂತ ಹಿಂದಿನ ಪುಟಗಳನ್ನು ತಿರುವಬೇಕು.