ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಮೂತ್ರನಾಳದ ಗಾಯ

ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಮೂತ್ರವನ್ನು ಸಾಗಿಸುವ ಮೂತ್ರನಾಳಕ್ಕೆ (ಯುರೇಟರ್) ಕರುಳಿನ ಶಸ್ತ್ರಚಿಕಿತ್ಸೆಯ ವೇಳೆ ಆಕಸ್ಮಿಕವಾಗಿ ಹಾನಿಯಾಗುವುದು ಅಪರೂಪದ, ಆದರೆ ಗಂಭೀರವಾದ ತೊಡಕು. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಗಾಯ ಗೊತ್ತಾದರೆ ಸಾಮಾನ್ಯವಾಗಿ ಆಗಲೇ ಸರಿಪಡಿಸಬಹುದು. ಗೊತ್ತಾಗದೆ ಉಳಿದರೆ ಸೋಂಕು ಹರಡಬಹುದು. ಕೆಲವೊಮ್ಮೆ ಆ ಬದಿಯ ಮೂತ್ರಪಿಂಡವೇ ನಿಷ್ಕ್ರಿಯವಾಗಬಹುದು.

ಅಂಗರಚನೆ

ಮೂತ್ರನಾಳವು ಸುಮಾರು 25ರಿಂದ 30 ಸೆಂ.ಮೀ. ಉದ್ದವಿದ್ದು, ಕೆಲವೇ ಮಿಲಿಮೀಟರ್ ಅಗಲವಿರುತ್ತದೆ. ಅದು ಹೊಟ್ಟೆಯ ಹಿಂಗೋಡೆಗೆ ಅಂಟಿಕೊಂಡು ಕೆಳಗಿಳಿದು, ಸೊಂಟದ ಅಂಚಿನಲ್ಲಿ ದೊಡ್ಡ ರಕ್ತನಾಳಗಳನ್ನು ದಾಟುತ್ತದೆ. ಎಡ ಮೂತ್ರನಾಳವು ಸಿಗ್ಮಾಯ್ಡ್ ಕರುಳಿನ ಹಿಂದೆಯೇ ಸಾಗುವುದರಿಂದ, ಆ ಭಾಗವನ್ನು ಬಿಡಿಸುವಾಗ ಅಪಾಯ ಹೆಚ್ಚು.

ಕಾರಣಗಳು

ನಾಳವು ಕತ್ತರಿಸಿಹೋಗಬಹುದು, ರಕ್ತನಾಳದೊಂದಿಗೆ ದಾರದ ಕಟ್ಟಿಗೆ ಸಿಲುಕಬಹುದು, ಚಿಮುಟದಲ್ಲಿ ನಜ್ಜಾಗಬಹುದು, ವಿದ್ಯುತ್ ಉಪಕರಣದ ಶಾಖದಿಂದ ಸುಡಬಹುದು ಅಥವಾ ರಕ್ತಪೂರೈಕೆ ಕಳೆದುಕೊಳ್ಳಬಹುದು. ಸುಟ್ಟ ಗಾಯವು ಮೊದಲು ಕಾಣದೆ, ಕೆಲವು ದಿನಗಳ ನಂತರ ಸೋರಲಾರಂಭಿಸುತ್ತದೆ. ಹಿಂದಿನ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ, ದೊಡ್ಡ ಗೆಡ್ಡೆ ಹಾಗೂ ತೀವ್ರ ಉರಿಯೂತಗಳಿಂದ ನಾಳದ ಸ್ಥಾನ ಬದಲಾಗಿ ಅಪಾಯ ಹೆಚ್ಚುತ್ತದೆ.

ಲಕ್ಷಣಗಳು ಮತ್ತು ಪತ್ತೆ

ಪಕ್ಕೆನೋವು, ಜ್ವರ, ಹೊಟ್ಟೆಯುಬ್ಬರ, ಕರುಳಿನ ಚಲನೆ ಮರಳದಿರುವುದು ಹಾಗೂ ಹೊಟ್ಟೆಗೆ ಅಳವಡಿಸಿದ ನಳಿಕೆಯಿಂದ ತಿಳಿದ್ರವ ಹೆಚ್ಚಾಗಿ ಬರುವುದು ಮುಖ್ಯ ಲಕ್ಷಣಗಳು. ಆ ದ್ರವದಲ್ಲಿ ಕ್ರಿಯಾಟಿನಿನ್ ಪ್ರಮಾಣ ರಕ್ತಕ್ಕಿಂತ ಬಹಳ ಹೆಚ್ಚಿದ್ದರೆ ಅದು ಮೂತ್ರವೆಂದು ತಿಳಿಯುತ್ತದೆ. ಇನ್ನೊಂದು ಮೂತ್ರಪಿಂಡ ಕೆಲಸ ಮಾಡುತ್ತಿರುವುದರಿಂದ ಮೂತ್ರ ಎಂದಿನಂತೆ ಹೋಗುತ್ತಿರಬಹುದು; ಅಷ್ಟರಿಂದಲೇ ಗಾಯವಿಲ್ಲವೆನ್ನಲಾಗದು. ಬಣ್ಣದ್ರವ ನೀಡಿ ಮಾಡುವ ಸಿ.ಟಿ. ಸ್ಕ್ಯಾನ್‌ನಿಂದ ಗಾಯದ ಸ್ಥಳ ಖಚಿತವಾಗುತ್ತದೆ.

ಚಿಕಿತ್ಸೆ

ಸಣ್ಣ ಗಾಯಕ್ಕೆ ನಾಳದೊಳಗೆ ಸ್ಟೆಂಟ್ ಇರಿಸಿ, ಸಾಮಾನ್ಯವಾಗಿ ಕೆಲವು ವಾರಗಳ ನಂತರ ತೆಗೆಯಲಾಗುತ್ತದೆ. ಕತ್ತರಿಸಿದ ತುದಿಗಳನ್ನು ಸ್ಟೆಂಟ್‌ನ ಮೇಲೆ ಹೊಲಿಯುತ್ತಾರೆ. ಗಾಯ ಮೂತ್ರಕೋಶದ ಸಮೀಪವಿದ್ದರೆ ನಾಳವನ್ನು ಮೂತ್ರಕೋಶಕ್ಕೆ ಮರುಜೋಡಿಸುತ್ತಾರೆ. ತಡವಾಗಿ ಪತ್ತೆಯಾಗಿ ಸೋಂಕಿದ್ದರೆ, ಮೊದಲು ಬೆನ್ನಿನ ಬದಿಯಿಂದ ಮೂತ್ರಪಿಂಡಕ್ಕೆ ನಳಿಕೆ ಹಾಕಿ ಮೂತ್ರವನ್ನು ಹೊರತೆಗೆದು, ಜೋಡಣೆಯನ್ನು ಮುಂದಕ್ಕೆ ಹಾಕಲಾಗುತ್ತದೆ.

ತಡೆಗಟ್ಟುವಿಕೆ

ಯಾವುದನ್ನಾದರೂ ಕತ್ತರಿಸುವ ಅಥವಾ ಕಟ್ಟುವ ಮೊದಲು ಮೂತ್ರನಾಳವನ್ನು ಕಣ್ಣಾರೆ ಗುರುತಿಸುವುದೇ ಮುಖ್ಯ ಕ್ರಮ. ಮೆಲ್ಲಗೆ ಮುಟ್ಟಿದಾಗ ನಾಳವು ಹುಳುವಿನಂತೆ ಸಂಕುಚಿಸಿ ಚಲಿಸುವುದು ಅದರ ಗುರುತು. ಮುಂಚಿತವಾಗಿ ಇರಿಸಿದ ಸ್ಟೆಂಟ್ ಗಾಯವನ್ನು ಖಚಿತವಾಗಿ ತಡೆಯದಿದ್ದರೂ ಬೇಗ ಗುರುತಿಸಲು ನೆರವಾಗುತ್ತದೆ.

ಹುಬ್ಬಳ್ಳಿ-ಧಾರವಾಡದಲ್ಲಿ

1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಆರಂಭವಾಗಿ, ಮುಂದೆ ಕಿಮ್ಸ್ ಎಂದು ಹೆಸರಾಗಿದ್ದ ಹುಬ್ಬಳ್ಳಿಯ ಸಂಸ್ಥೆ ಮತ್ತು ಸತ್ತೂರಿನ ಎಸ್.ಡಿ.ಎಂ. ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ದೂರದ ಊರಿಗೆ ಮರಳುವ ರೋಗಿಯು ಮೇಲಿನ ಲಕ್ಷಣಗಳನ್ನು ಅರಿತಿರುವುದು, ಸ್ಟೆಂಟ್ ತೆಗೆಸುವ ದಿನವನ್ನು ಮರೆಯದಿರುವುದು ಅಗತ್ಯ.

ಕಾನೂನು

1995ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ, ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಆದರೆ ತೊಡಕು ಸಂಭವಿಸಿದ ಮಾತ್ರಕ್ಕೆ ಅದು ನಿರ್ಲಕ್ಷ್ಯವೆನಿಸುವುದಿಲ್ಲ. ಸಮಂಜಸವಾದ ಎಚ್ಚರಿಕೆ ವಹಿಸಲಾಗಿತ್ತೇ ಎಂಬುದನ್ನು ಪರಿಶೀಲಿಸಲಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ದೂರನ್ನು ಸಾಮಾನ್ಯವಾಗಿ 2 ವರ್ಷಗಳೊಳಗೆ ಸಲ್ಲಿಸಬೇಕು.